ಮಗ್ಗುಲು ಬದಲಿಸೋಕೆ ಯಾರ ಅಪ್ಪಣೆ ಬೇಕು?

ಬಸ್ಸಿನಲ್ಲಿ ಕೂತವರನ್ನು ನೋಡಿ. ಅರ್ಧ ತಾಸಿನಲ್ಲಿ ನಾಲ್ಕು ಸಲ ಸರಿದು ಕೂರುತ್ತಾರೆ. ಗಲ್ಲಾದ ಮುಂದಿನ ಸಾಹುಕಾರರೂ ಅಷ್ಟೇ, ಕಾಲು ಮಡಿಸ್ತಾರೆ, ಚಾಚ್ತಾರೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಒತ್ತಡ ಬಿದ್ದ ಜಾಗಕ್ಕೆ ರಕ್ತ ಸರಿಯಾಗಿ ಹರಿಯದಿದ್ದರೆ ಮೈಯೇ ಎಚ್ಚರಿಸುತ್ತದೆ.

ಲಕ್ವ ಹೊಡೆದವರಿಗೆ, ಸೊಂಟ ಮುರಿದು ಮಲಗಿದ ಮುದುಕರಿಗೆ ಈ ಭಾಗ್ಯವಿಲ್ಲ. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ, ಹೀಗೆ ಮೂಳೆ ಒತ್ತುವ ಕಡೆ ಚರ್ಮ ಕೆಂಪಾಗಿ, ಒಡೆದು, ಕೊನೆಗೆ ಮೂಳೆ ಕಾಣುವ ಗುಂಡಿಯೇ ಆಗಬಹುದು. ನಂಜೇರಿದರೆ ಪ್ರಾಣಕ್ಕೇ ಸಂಚಕಾರ. "ವಯಸ್ಸಾಯ್ತು, ಹಣೆಬರಹ" ಅಂತ ಕೈಚೆಲ್ಲುವುದು ವಾಡಿಕೆ. ಹಣೆಬರಹವಲ್ಲ ಸ್ವಾಮೀ, ಹಾಸಿಗೆ ಹುಣ್ಣುಗಳಲ್ಲಿ ಹೆಚ್ಚಿನವು ತಡೆಯಬಹುದಾದವು!

ಯಾರಿಗೆ ಅಪಾಯ ಎಂದು ಮೊದಲೇ ಅಳೆಯುವ ಪಟ್ಟಿ ಹೊಸದೇನಲ್ಲ. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ 1962ರಲ್ಲೇ ಒಂದನ್ನು ಕೊಟ್ಟರು. ಅಮೆರಿಕದ ಬ್ರೇಡನ್ ಪಟ್ಟಿ 1987ರಲ್ಲಿ ಪ್ರಕಟವಾಯಿತು. ಸ್ಪರ್ಶದ ಅರಿವು, ಮೈಯ ಒದ್ದೆ, ಓಡಾಟ, ಹೊರಳಾಟ, ಊಟ, ಚರ್ಮದ ಉಜ್ಜಾಟ ಎಂಬ ಆರು ಬಾಬ್ತಿಗೆ ಅಂಕ. ಒಟ್ಟು 23ರಲ್ಲಿ 18 ಅಥವಾ ಕಮ್ಮಿ ಬಂದರೆ ಎಚ್ಚರ. ಇದಕ್ಕೆ ಯಂತ್ರ ಬೇಡ, ಒಂದು ಪೆನ್ಸಿಲು ಸಾಕು.

ವಾರ್ಡುಗಳಲ್ಲಿ ನಡೆಯುವುದೇನು? ರೋಗಿಯನ್ನು ಹೊರಳಿಸುವ ಕೆಲಸ ಎಷ್ಟೋ ಸಲ ಜೊತೆಗೆ ಬಂದ ಮಗಳದು, ಸೊಸೆಯದು. ಹುಣ್ಣಾದರೆ ನೆಂಟರ ಬೈಗುಳವೂ ಆಕೆಗೇ. ಆಕೆಗೆ ಹೇಳಿಕೊಟ್ಟವರು ಯಾರು? ಇಡೀ ವಾರ್ಡನ್ನು ಒಬ್ಬ ಸಿಸ್ಟರ್ ತಲೆಗೆ ಕಟ್ಟಿ ಅವರನ್ನು ದೂರಿದರೂ ನ್ಯಾಯವಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜೊತೆ ನಾಲ್ಕು ಸಾಲು ಕನ್ನಡ ಇರಲಿ. ಸುಮಾರು ಎರಡು ತಾಸಿಗೊಮ್ಮೆ, ಇಲ್ಲವೇ ಡಾಕ್ಟರು ಹೇಳಿದಂತೆ ಮಗ್ಗುಲು ಬದಲಿಸಿ. ಎಳೆಯಬೇಡಿ, ಎತ್ತಿ ಸರಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಒದ್ದೆ ಬಟ್ಟೆ ಕೂಡಲೇ ತೆಗೆಯಿರಿ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಬೆರಳಿಂದ ಒತ್ತಿದರೂ ಕೆಂಪು ಮಾಸದಿದ್ದರೆ ತಡಮಾಡದೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭಕ್ಕೆ ಕಾಣದು. ಬಿಸಿ, ಗಡಸು, ನೋವು ಇದೆಯೇ ಮುಟ್ಟಿ ನೋಡಿ.

ಹುಣ್ಣಾದ ಮೇಲೆ ಡ್ರೆಸ್ಸಿಂಗಿಗೆ ತಿಂಗಳುಗಟ್ಟಲೆ ದುಡ್ಡು ಸುರಿಯಬೇಕು, ಕೂಲಿ ಬಿಟ್ಟು ಒಬ್ಬರು ಮನೆಯಲ್ಲೇ ಕೂರಬೇಕು. ಅದರ ಮುಂದೆ ಒಂದು ಹಾಳೆಯ ಖರ್ಚೆಷ್ಟು? ಗೋಡೆಗೆ ಬಣ್ಣ ಬಳಿಸುವುದು ಆಮೇಲಿರಲಿ. ಹೊರಳಲಾರದ ಪ್ರತಿ ರೋಗಿಯ ಮಂಚಕ್ಕೂ ಮಗ್ಗುಲು ಬದಲಿಸಿದ ವೇಳೆ ಬರೆಯುವ ಹಾಳೆಯೊಂದನ್ನು ಆಸ್ಪತ್ರೆಯವರು ಮೊದಲು ತೂಗುಹಾಕಲಿ.