ಬಯಲುಸೀಮೆಗೆ ಕಡಲ ವಿದ್ಯೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆರಾಯನ ಕೃಪೆಗೆ ಅಷ್ಟಾಗಿ ಪಾತ್ರವಾದ ನಾಡಲ್ಲ. ಬಂಡೆಗಲ್ಲಿನ ಗುಡ್ಡಗಳು, ಕುರುಚಲು ಗಿಡಗಳು, ಕಡಲೆಕಾಯಿಯ ಹೊಲಗಳು, ಕುರಿಮಂದೆಗಳು ಮೇಯುವ ಕಾವಲುಗಳು ಇಲ್ಲಿನ ನಿತ್ಯದ ನೋಟ. ವೇದಾವತಿಯ ಪಾತ್ರದಲ್ಲಿ ವರ್ಷದ ಬಹುಭಾಗ ನೀರಿಗಿಂತ ಮರಳೇ ಹೆಚ್ಚು. ಕಡಲೋ, ಹಕ್ಕಿ ಹಾರುವಷ್ಟು ನೇರವಾಗಿ ಅಳೆದರೂ 200 ಕಿಲೋಮೀಟರಿಗಿಂತ ಆಚೆಗಿದೆ. ಇಂತಹ ಸೀಮೆಯ ಮಕ್ಕಳಿಗೆ ಹಾಯಿದೋಣಿಯವರ ವಿದ್ಯೆಯನ್ನು ಕಲಿಸಬೇಕು ಎಂದರೆ, “ಕೆರೆಯಲ್ಲೇ ನೀರಿಲ್ಲ, ಕಡಲಿನ ಮಾತೇಕೆ?” ಎಂದು ಹಿರಿಯರು ನಕ್ಕಾರು. ಆ ನಗೆ ಸಹಜವಾದುದು. ಆದರೆ ವಿಚಾರದ ಮುಂದೆ ಅದು ನಿಲ್ಲಲಾರದು.

2017ರ ಸೆಪ್ಟೆಂಬರ್ 10ರಂದು ಗೋವಾದಿಂದ ‘ತಾರಿಣಿ’ ಎಂಬ ಹಾಯಿನೌಕೆಯೊಂದು ಹೊರಟಿತು. ಅದರ ಉದ್ದ ಸುಮಾರು 55 ಅಡಿ ಮಾತ್ರ. ಅದರಲ್ಲಿದ್ದವರು ಭಾರತೀಯ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು. ಅವರು ಭೂಮಂಡಲವನ್ನೇ ಸುತ್ತಿ 2018ರ ಮೇ 21ರಂದು ಗೋವಾಕ್ಕೆ ಮರಳಿದರು. ಅವರೆಲ್ಲ ಕಡಲತಡಿಯಲ್ಲಿ ಹುಟ್ಟಿ, ಅಲೆಯ ಮೊರೆತವನ್ನು ಕೇಳುತ್ತಲೇ ಬೆಳೆದವರೆಂದು ಭಾವಿಸಿದರೆ ತಪ್ಪಾದೀತು. ತಂಡದ ನಾಯಕಿ ವರ್ತಿಕಾ ಜೋಶಿಯವರು ಉತ್ತರಾಖಂಡದವರು. ಇನ್ನೊಬ್ಬರು ಹಿಮಾಚಲದ ಕಣಿವೆಯವರು; ಮತ್ತೊಬ್ಬರು ಮಣಿಪುರದವರು. ಹಿಮದ ಬೆಟ್ಟಗಳ ಮಡಿಲಿನ ಹೆಣ್ಣುಮಕ್ಕಳಿಗೆ ಒಲಿದ ವಿದ್ಯೆ ಚಳ್ಳಕೆರೆಯ ಮಕ್ಕಳಿಗೆ ಒಲಿಯಬಾರದೇಕೆ?

ನಿಜವಾಗಿ ನೋಡಿದರೆ, ಈ ವಿದ್ಯೆಯ ಅಕ್ಷರಮಾಲೆ ಬಯಲುಸೀಮೆಯವರಿಗೆ ಆಗಲೇ ತಿಳಿದಿದೆ. ಕಣದಲ್ಲಿ ರಾಶಿ ತೂರುವ ರೈತನು ಗಾಳಿಯ ದಿಕ್ಕು ಕೊಂಚ ತಿರುಗಿದರೂ ಅದನ್ನು ಕೆನ್ನೆಯ ಮೇಲೆಯೇ ಅರಿಯುತ್ತಾನೆ. ಹಾಯಿ ಕಟ್ಟುವವನ ಮೊದಲ ಪಾಠವೂ ಅದೇ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಸಾಗದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗಿ ಗುರಿಯನ್ನು ಸೇರಬೇಕು. ಆದರೆ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಕಣದಲ್ಲಿ ಪೂರ್ಣ ಸತ್ಯವಾದರೆ, ಕಡಲಿನಲ್ಲಿ ಅರ್ಧ ಸತ್ಯ. ಗಾಳಿ ಬಲವಾಗುವ ಮೊದಲೇ ಹಾಯಿಯನ್ನು ಮಡಿಸಿ ಚಿಕ್ಕದು ಮಾಡುವವನೇ ಜಾಣ. ಬಿರುಗಾಳಿ ಎದ್ದ ಮೇಲೆ ಮಡಿಸಲು ಹೋದವನಿಗೆ ಹಾಯಿಯೂ ವಶವಾಗದು, ದೋಣಿಯೂ ವಶವಾಗದು.

ದಿಕ್ಕನ್ನು ಅರಿಯುವ ವಿದ್ಯೆಯಂತೂ ಈ ಬಯಲಿಗೆ ಹೇಳಿ ಮಾಡಿಸಿದಂತಿದೆ. ಮರಗಳು ವಿರಳವಾದ ಕಾವಲಿನಲ್ಲಿ ನಿಂತರೆ, ಕಡಲಿನಲ್ಲಿ ಇರುವಂತೆ ದಿಗಂತವು ಸುತ್ತಲೂ ಬಿಚ್ಚಿಕೊಳ್ಳುತ್ತದೆ. ಸಪ್ತರ್ಷಿಮಂಡಲದ ತುದಿಯ ಎರಡು ನಕ್ಷತ್ರಗಳಾದ ಪುಲಹ, ಕ್ರತುಗಳನ್ನು ಒಂದು ಗೆರೆಯಿಂದ ಕೂಡಿಸಿ, ಆ ಗೆರೆಯನ್ನು ಕ್ರತುವಿನಿಂದ ಮುಂದಕ್ಕೆ ಐದು ಪಟ್ಟು ಎಳೆದರೆ ಧ್ರುವನಕ್ಷತ್ರ ದೊರೆಯುತ್ತದೆ. ಆ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ತೋರುವುದೋ, ನೋಡುವವನು ನಿಂತ ತಾಣದ ಅಕ್ಷಾಂಶವೂ ಸರಿಸುಮಾರು ಅಷ್ಟೇ. ಚಳ್ಳಕೆರೆಯಲ್ಲಿ ಅದು 14 ಡಿಗ್ರಿಗಿಂತ ತುಸು ಮೇಲೆ. ಮೊಳಕಾಲ್ಮೂರಿನಲ್ಲಿ ಇನ್ನೂ ಅರ್ಧ ಡಿಗ್ರಿಯಷ್ಟು ಹೆಚ್ಚು. ತೋಳನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಎಂದರೆ ಒಂದೂವರೆ ಮುಷ್ಟಿ ಎತ್ತರಕ್ಕೆ ತುಸು ಕಡಿಮೆಯಾಗಿ ಧ್ರುವನು ನಿಂತಿರುತ್ತಾನೆ. ಅರಬ್ಬೀ ಸಮುದ್ರದ ಹಳೆಯ ನಾವಿಕರು ಈ ಎತ್ತರವನ್ನು ಅಳೆಯಲು ಮರದ ಪುಟ್ಟ ಹಲಗೆಯನ್ನೂ ಗಂಟು ಹಾಕಿದ ದಾರವನ್ನೂ ಬಳಸುತ್ತಿದ್ದರು. ಅದಕ್ಕೆ ‘ಕಮಾಲ್’ ಎಂದು ಹೆಸರು. ತಮ್ಮ ಬಂದರಿನಲ್ಲಿ ಧ್ರುವನ ಎತ್ತರ ಎಷ್ಟೆಂಬುದು ಅವರಿಗೆ ಗೊತ್ತಿರುತ್ತಿತ್ತು. ಹಿಂದಿರುಗುವಾಗ ನಕ್ಷತ್ರವು ಆ ಎತ್ತರಕ್ಕೆ ಬರುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ, ಅನಂತರ ಆ ಎತ್ತರವನ್ನು ಬಿಡದೆ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದರೆ ಬಂದರು ಕಣ್ಣಿಗೆ ಬೀಳುತ್ತಿತ್ತು. ಇಲ್ಲೊಂದು ಸ್ವಾರಸ್ಯವಿದೆ. ಶರಾವತಿಯು ಕಡಲನ್ನು ಸೇರುವ ಹೊನ್ನಾವರವೂ ಚಳ್ಳಕೆರೆಯೂ ಹೆಚ್ಚು ಕಡಮೆ ಒಂದೇ ಅಕ್ಷಾಂಶದಲ್ಲಿವೆ. ಆದ್ದರಿಂದ ಗೊಲ್ಲರಹಟ್ಟಿಯ ಕುರಿಗಾಹಿಯು ಕಾಣುವ ಧ್ರುವನೂ ಹೊನ್ನಾವರದ ಮೀನುಗಾರನು ಕಾಣುವ ಧ್ರುವನೂ ಒಂದೇ ಎತ್ತರದವು.

ಪೂರ್ವ ಪಶ್ಚಿಮಗಳ ಲೆಕ್ಕಕ್ಕೆ ನಕ್ಷತ್ರವೊಂದೇ ಸಾಲದು, ಗಡಿಯಾರವೂ ಬೇಕು. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಹಿಡಿಯುತ್ತದೆ. ಭಾರತದ ಕಾಲಮಾನವು 82.5 ಡಿಗ್ರಿ ರೇಖಾಂಶಕ್ಕೆ ಸೇರಿದ್ದು. ಚಳ್ಳಕೆರೆಯು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮದಲ್ಲಿರುವುದರಿಂದ ಸರಾಸರಿ ಲೆಕ್ಕದಲ್ಲಿ ಅಲ್ಲಿ ಸೂರ್ಯನು ನೆತ್ತಿಯ ಗೆರೆಗೆ ಬರುವಾಗ ಗಡಿಯಾರವು ಹನ್ನೆರಡು ದಾಟಿ 23 ನಿಮಿಷ ತೋರಿಸುತ್ತಿರುತ್ತದೆ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಗುರುತಿಸಿದರೆ ರೇಖಾಂಶದ ತತ್ತ್ವ ಮನದಟ್ಟಾಗುತ್ತದೆ.

ಉಪಗ್ರಹಗಳೇ ದಾರಿ ತೋರುವ ಈ ಕಾಲದಲ್ಲಿ ಕೋಲು, ನೆರಳು, ಮುಷ್ಟಿಗಳ ಗೊಡವೆ ಏಕೆಂದು ಕೇಳುವವರೂ ಉಂಟು. ಅವರ ಪ್ರಶ್ನೆಗೆ ಚಳ್ಳಕೆರೆಯ ನೆಲವೇ ಬಲವಾದ ಸಾಕ್ಷಿ ಒದಗಿಸುತ್ತದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರು ಸುಮಾರು 4.5 ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈಸೋಂಕೂ ಇಲ್ಲದೆ ತಾನಾಗಿ ದಾರಿ ಕಂಡುಕೊಂಡು ಚಳ್ಳಕೆರೆಯ ಪರೀಕ್ಷಾಕ್ಷೇತ್ರದ ಓಡುದಾರಿಯಲ್ಲಿ ಇಳಿಯಿತು. ನಮ್ಮ ದೇಶದ ‘ನಾವಿಕ್’ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಸಾಧನವೂ ಅದರಲ್ಲಿತ್ತು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಯಂತ್ರವನ್ನು ನಂಬುವುದು ಬೇರೆ, ಯಂತ್ರವೊಂದನ್ನೇ ನಂಬುವುದು ಬೇರೆ. ಉಪ್ಪುನೀರು ಹೊಕ್ಕರೆ ಸಾಧನ ಕೆಡುತ್ತದೆ. ವಿದ್ಯುತ್ತು ತೀರಿದರೆ ಪರದೆ ಕಪ್ಪಾಗುತ್ತದೆ. ಆದುದರಿಂದಲೇ ವಿವೇಕಿಗಳಾದ ನಾವಿಕರು ಇಂದಿಗೂ ಕಾಗದದ ನಕ್ಷೆಯನ್ನೂ ದಿಕ್ಸೂಚಿಯನ್ನೂ ಜೊತೆಯಲ್ಲಿ ಒಯ್ಯುತ್ತಾರೆ.

ಇನ್ನು ಸುರಕ್ಷತೆಯ ಮಾತು. ಒಂದು ಕೈ ದೋಣಿಯ ಕೆಲಸಕ್ಕೆ, ಒಂದು ಕೈ ತನ್ನ ಪ್ರಾಣಕ್ಕೆ ಎಂಬುದು ನಾವಿಕರ ಹಳೆಯ ನಿಯಮ. ಹಾಯಿನೌಕೆಯ ಮೇಲೆ ಓಡಾಡುವವರು ತೇಲುವ ಅಂಗಿ ತೊಟ್ಟು, ಸೊಂಟದ ಪಟ್ಟಿಯನ್ನು ನೌಕೆಗೆ ಬಿಗಿದ ಹಗ್ಗಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಒಬ್ಬನು ನೀರಿಗೆ ಬಿದ್ದರೆ, ಕಂಡವನು ಮೊದಲು ಕೂಗಬೇಕು. ತೇಲುವ ವಸ್ತುವನ್ನು ಎಸೆಯಬೇಕು. ಒಬ್ಬನಂತೂ ಬಿದ್ದವನತ್ತ ಕೈ ತೋರುತ್ತಾ, ಅವನ ಮೇಲಿನ ಕಣ್ಣನ್ನು ಕೀಳದೆ ನಿಲ್ಲಬೇಕು. ಅಲೆಗಳ ನಡುವೆ ಮನುಷ್ಯನ ತಲೆ ಬಹಳ ಚಿಕ್ಕದು. 2018ರ ಸೆಪ್ಟೆಂಬರಿನಲ್ಲಿ ಏಕಾಂಗಿಯಾಗಿ ಸಾಗುತ್ತಿದ್ದ ಅಭಿಲಾಷ್ ಟೋಮಿಯವರ ನೌಕೆ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಕ್ಕಿ ಉರುಳಿ, ಅದರ ಕೂವೆಮರ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದರು. ಆದರೂ ತಾನೆಲ್ಲಿದ್ದೇನೆಂಬ ಸಂದೇಶವನ್ನು ಹೊರಗೆ ಕಳುಹಿಸಬಲ್ಲವರಾಗಿದ್ದರು. ಭಾರತೀಯ ನೌಕಾದಳದ ವಿಮಾನವು ಅವರ ನೌಕೆಯನ್ನು ಗುರುತಿಸಿತು. ಫ್ರಾನ್ಸಿನ ಹಡಗೊಂದು ಅವರನ್ನು ಉಳಿಸಿತು.

ಈ ಪಾಠಗಳು ಕಡಲಿಗೆ ಮಾತ್ರ ಸೀಮಿತವೆಂದು ಯಾರೂ ತಿಳಿಯಬಾರದು. ನೀರು ವಿರಳವಾದ ನಾಡಿನಲ್ಲಿ ಈಜು ಬಲ್ಲವರೂ ವಿರಳ; ನೀರಿನ ಭಯವೂ ಅಷ್ಟಕ್ಕಷ್ಟೆ. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ಅನಂತರ ಕೋಡಿಬಿದ್ದದ್ದು 2022ರಲ್ಲಿ. ಅದುವರೆಗೆ ಮರಳನ್ನಷ್ಟೇ ಕಂಡಿದ್ದ ಮಕ್ಕಳ ಮುಂದೆ ವೇದಾವತಿಯು ತುಂಬಿ ಹರಿಯಿತು. ತುಂಬಿದ ಕೆರೆಗೆ ಮಕ್ಕಳು ಧಾವಿಸುವುದು ಸಂತೋಷದಿಂದಲೇ. ಅಪಾಯವಿರುವುದೂ ಆ ಸಂತೋಷದಲ್ಲೇ. ಹೊಲಗಳಲ್ಲಿ ತೋಡಿರುವ ಕೃಷಿಹೊಂಡಗಳು ಇನ್ನೂ ಮೋಸದವು. ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯು ಜಾರುಬಂಡೆಯಂತಿರುತ್ತದೆ. ಈಜು ಬಲ್ಲವನೂ ಅದರ ಮೇಲೆ ಹತ್ತಿ ಬರಲಾರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಅರ್ಧದಷ್ಟು ಜನ ಮೂವತ್ತು ವರ್ಷವನ್ನೂ ಕಾಣದವರು.

ಮುಳುಗುವವನು ಬಹುಮಟ್ಟಿಗೆ ಕೂಗುವುದಿಲ್ಲ. ಕೂಗಲು ಅವನಿಗೆ ಉಸಿರೇ ಇರುವುದಿಲ್ಲ. ಅವನನ್ನು ಉಳಿಸಲು ಹಾರಿದ ಗೆಳೆಯನೂ ಅವನ ಅಪ್ಪುಗೆಯಲ್ಲಿ ಸಿಕ್ಕಿ ಮುಳುಗುತ್ತಾನೆ. ಆದ್ದರಿಂದ ನೀರಿಗೆ ಇಳಿಯದೆ ಗಳುವನ್ನೋ ಸೀರೆಯನ್ನೋ ಹಗ್ಗವನ್ನೋ ಚಾಚಬೇಕು. ಹಗ್ಗದ ತುದಿಗೆ ಕುಣಿಕೆ ಹಾಕುವಾಗಲೂ ವಿವೇಕ ಬೇಕು. ಜೀರುಗುಣಿಕೆಯು ಎಳೆದಷ್ಟೂ ಬಿಗಿದು ಎದೆಯನ್ನು ಹಿಂಡುತ್ತದೆ. ನಾವಿಕರ ‘ಬೌಲೈನ್’ ಗಂಟು ಹಾಗಲ್ಲ. ಎಷ್ಟು ಎಳೆದರೂ ಅದರ ಕುಣಿಕೆ ಕಿರಿದಾಗದು, ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚುತ್ತದೆ. ಕಂಬಳಿಯ ನೂಲನ್ನೂ ರೇಷ್ಮೆಯ ಎಳೆಯನ್ನೂ ಗಂಟಿಕ್ಕಿ ಬಲ್ಲ ಬೆರಳುಗಳಿಗೆ ಅದನ್ನು ಕಲಿಯಲು ಅರ್ಧ ಗಂಟೆಯೂ ಬೇಡ.

ಹೊಂಡದ ದಂಡೆಯಲ್ಲಿ ಒಂದು ಗಟ್ಟಿ ಗೂಟ, ಅದಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಗಂಟಿನ ಹಗ್ಗ, ಬಾಯಿ ಬಿಗಿದ ಎರಡು ಖಾಲಿ ಡಬ್ಬಗಳು, ಸುತ್ತಲೂ ಮುಳ್ಳುಬೇಲಿ: ಇಷ್ಟನ್ನು ಪ್ರತಿಯೊಂದು ಹೊಲದಲ್ಲಿಯೂ ಏರ್ಪಡಿಸಬಹುದು. ಮಳೆಗಾಲಕ್ಕೆ ಮುಂಚೆ ಒಂದೆರಡು ಶನಿವಾರಗಳ ಬೆಳಗಿನ ಹೊತ್ತನ್ನು ಶಾಲೆಗಳು ಈ ಕೆಲಸಕ್ಕೆ ಮೀಸಲಿಟ್ಟರೆ ಊರಿನ ಹೊಂಡಗಳನ್ನೆಲ್ಲ ಮಕ್ಕಳೇ ನೋಡಿ ಬರಬಲ್ಲರು.