ಮಧುರೆಯ ಮಗುವಿಗೆ ಚೈನೀಸ್: ಆ್ಯಪ್ ಇದೆ, ಮಾತಾಡೋಕೆ ಪುರುಸೊತ್ತು?

ಕಳೆದ ತಿಂಗಳು ಮಧುರೆಯ ಅಕ್ಕನ ಮನೆಗೆ ಹೋಗಿದ್ದೆ. ಶನಿವಾರ ಬೇರೆ. ಶನಿಮಹಾತ್ಮನ ದೇವಸ್ಥಾನಕ್ಕೆ ಹೊರಟ ಗಾಡಿಗಳ ಸಾಲು ದಾಟಿ ಮನೆ ಸೇರುವಷ್ಟರಲ್ಲಿ ಸಾಕುಸಾಕಾಗಿತ್ತು. ಒಳಗೆ ಅಕ್ಕನ ಎರಡೂವರೆ ವರ್ಷದ ಮಗಳು ಮೊಬೈಲ್ ಮುಂದೆ ಕೂತು "ಯಿ, ಅರ್, ಸಾನ್" ಅಂತಿದ್ದಳು. ಚೈನೀಸ್‌ನಲ್ಲಿ ಒಂದು, ಎರಡು, ಮೂರು.

"ದೊಡ್ಡ ಕಂಪನಿಗಳಲ್ಲಿ ಮೇಲಿನೋರೆಲ್ಲ ಇದೇ ಭಾಷೆ ಅಂತೆ ಕಣೋ. ಈಗಿಂದ್ಲೇ ಕಲಿತ್ರೆ ಇವಳು ನಮ್ಮ ಥರ ಲೈನಲ್ಲಿ ನಿಲ್ಲೋದು ತಪ್ಪುತ್ತೆ," ಅಂದಳು ಅಕ್ಕ. ಅಕ್ಕ, ಭಾವ ಇಬ್ಬರೂ ಕಾರ್ಖಾನೆ ಕೆಲಸದವರು.

ನಗಬೇಡಿ, ಅಕ್ಕನ ಲೆಕ್ಕದಲ್ಲಿ ಹುರುಳಿದೆ. ತೈವಾನಿನ ಫಾಕ್ಸ್‌ಕಾನ್ 2023ರಲ್ಲಿ ದೇವನಹಳ್ಳಿ ಬಳಿ ಸುಮಾರು 300 ಎಕರೆ ಕೊಂಡಿತು. 2025ರಲ್ಲಿ ಅಲ್ಲಿ ಐಫೋನ್ ತಯಾರಿಕೆ ಶುರುವಾಯಿತು. ಅದೇ ವರ್ಷ, ಫಾಕ್ಸ್‌ಕಾನ್‌ನ ಭಾರತದ ಘಟಕಗಳಿಂದ 300ಕ್ಕೂ ಹೆಚ್ಚು ಚೀನೀ ಎಂಜಿನಿಯರ್, ತಂತ್ರಜ್ಞರು ವಾಪಸಾದ ವರದಿಯೂ ಬಂತು. ಯಂತ್ರ ಬಂದಿದೆ, ಆದರೆ ಅದರ ವಿದ್ಯೆ ಇನ್ನೂ ಬೇರೆ ಭಾಷೆಯಲ್ಲಿದೆ ಎಂಬುದು ಎಂಜಿನಿಯರಿಂಗ್ ಓದಿದ ನನಗೆ ಬೇಗ ಅರ್ಥವಾಗುತ್ತದೆ.

ಇತ್ತ ಸರ್ಕಾರಿ ನೀತಿ ನೋಡಿ. ರಾಷ್ಟ್ರೀಯ ಶಿಕ್ಷಣ ನೀತಿಯ 2019ರ ಕರಡಿನಲ್ಲಿ ವಿದೇಶಿ ಭಾಷೆಗಳ ಉದಾಹರಣೆಯಾಗಿ ಚೈನೀಸ್ ಇತ್ತು. ಗಾಲ್ವಾನ್ ಘರ್ಷಣೆಯ ಮರು ತಿಂಗಳು, 2020ರ ಜುಲೈನಲ್ಲಿ ಬಂದ ಅಂತಿಮ ನೀತಿಯಲ್ಲಿ ಅದು ಮಾಯ. ಕೊರಿಯನ್, ಜಪಾನೀಸ್, ಥಾಯ್ ಇದ್ದವು. ಅಂದರೆ ಬಂಡವಾಳಕ್ಕೆ ಸ್ವಾಗತ, ಭಾಷೆಗೆ ಬಾಗಿಲು ಬಂದ್. ಕಲಿಸುವ ಭಾರ ಪೂರ್ತಿ ಮನೆಯ ಮೇಲೆ, ಅಂದರೆ ಮೊಬೈಲ್ ಮೇಲೆ.

ಮೊಬೈಲ್‌ನಿಂದ ಆಗುತ್ತಾ? ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಚೈನೀಸ್ ಮಾತಾಡುವವರು 12 ಸಲ, ಸಲಕ್ಕೆ 25 ನಿಮಿಷದಷ್ಟು, ನೆಲದ ಮೇಲೆ ಕೂತು ಆಡಿದರು, ಪುಸ್ತಕ ಓದಿದರು. ಆ ಕೂಸುಗಳು ಚೈನೀಸ್ ದನಿಗಳ ವ್ಯತ್ಯಾಸ ಹಿಡಿದವು. ಅದೇ ಜನ, ಅದೇ ಮಾತನ್ನು ವಿಡಿಯೊದಲ್ಲಿ ನೋಡಿದ ಕೂಸುಗಳಿಗೆ ಏನೂ ಹತ್ತಲಿಲ್ಲ. ನಮ್ಮ ಹುಡುಗಿ ದೊಡ್ಡವಳು, ಎಣಿಕೆ ಬಾಯಿಪಾಠ ಮಾಡಿಯಾಳು. ಆದರೆ ಅವಳು ಕೇಳಿದ್ದಕ್ಕೆ ಮೊಬೈಲ್ ಉತ್ತರ ಕೊಡಲ್ಲ. ಚೈನೀಸ್‌ನಲ್ಲಿ 'ಮಾ' ಅಂದರೆ ದನಿಯ ಏರಿಳಿತದ ಮೇಲೆ ಅಮ್ಮ, ಸೆಣಬು, ಕುದುರೆ ಅಥವಾ ಬೈಗುಳ. ತಪ್ಪಿದಾಗ ನಕ್ಕು ತಿದ್ದುವವರು ಎದುರಿಗೆ ಬೇಕು.

ಹಾಗಂತ ಕೈಚೆಲ್ಲಬೇಕಿಲ್ಲ. ಚೈನೀಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಬಳಸುವ 'ಬಿ' ನಿಜಕ್ಕೂ ನಮ್ಮ 'ಪ'ಕ್ಕೆ ಹತ್ತಿರ, 'ಪಿ' ನಮ್ಮ ಮಹಾಪ್ರಾಣಕ್ಕೆ ಹತ್ತಿರ. ಇಂಗ್ಲಿಷ್ ಮೂಲಕ ಹೋದರೆ ಎಡವುತ್ತೇವೆ, ಕನ್ನಡ ಕಾಗುಣಿತದ ಮೂಲಕ ಹೋದರೆ ದಾರಿ ಹತ್ತಿರ. ಅಂದರೆ ಚೈನೀಸ್‌ಗೂ ಕನ್ನಡವೇ ಮೆಟ್ಟಿಲು.

ಮೆಟ್ಟಿಲು ಕಿತ್ತರೆ ಏನಾಗುತ್ತೆ ಅನ್ನೋದಕ್ಕೆ ಸಿಂಗಪುರ ನೋಡಿ. ಹೊಕ್ಕಿಯೆನ್, ಕ್ಯಾಂಟನೀಸ್ ಮುಂತಾದ ಅಜ್ಜಿಯರ ನುಡಿ ಬಿಟ್ಟು ಮ್ಯಾಂಡರಿನ್ ಚೈನೀಸ್ ಮಾತಾಡಿ ಅಂತ ಅಲ್ಲಿನ ಸರ್ಕಾರ 1979ರಲ್ಲೇ ಅಭಿಯಾನ ಶುರು ಮಾಡಿತು. 2020ರ ಜನಗಣತಿ ಹೊತ್ತಿಗೆ ಮನೆಯಲ್ಲಿ ಹೆಚ್ಚಾಗಿ ಆ ನುಡಿಗಳನ್ನಾಡುವವರು 8.7% ಮಾತ್ರ. ಹಾಗಾದರೆ ಮ್ಯಾಂಡರಿನ್ ಗೆದ್ದಿತೇ? ಅದು 29.9%, ಇಂಗ್ಲಿಷ್ 48.3%. ಕೆಲಸದ ಭಾಷೆಗೆ ಮನೆ ಬಿಟ್ಟುಕೊಟ್ಟರೆ, ನಾಳೆ ಇನ್ನೂ ದೊಡ್ಡ ಕೆಲಸದ ಭಾಷೆ ಬಂದು ಅದನ್ನೂ ಎಬ್ಬಿಸುತ್ತದೆ.

ಈಗ ಅಸಲು ವಿಷಯ. ಯಾವ ಭಾಷೆಯೇ ಇರಲಿ, ಮಗುವಿಗೆ ಬೇಕಾದ್ದು ಎದುರಿಗೆ ಕೂತು ಮಾತಾಡುವ ಮನುಷ್ಯರು. ಮಧುರೆಯಲ್ಲಿ ಅವರೆಲ್ಲಿ? 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆ ತಿದ್ದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಿಕೊಳ್ಳಲು, ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಿಕೊಳ್ಳಲು ದಾರಿಯಾಯಿತು. ಇದಕ್ಕೆ ಬಸ್ಸಿನ ಹೊತ್ತು ಸೇರಿಸಿ. ಮನೆಗೆ ಬಂದ ಅಕ್ಕನಿಗೆ ಮುದ್ದೆ ತಿರುವುವಷ್ಟೂ ತ್ರಾಣ ಇರಲ್ಲ, ಕಥೆ ಎಲ್ಲಿಂದ ಹೇಳ್ತಾಳೆ? ಮೊಬೈಲ್ ಕೊಡುವುದು ಅವಳ ಸೋಮಾರಿತನ ಅಲ್ಲ. "ಮಕ್ಕಳ ಜೊತೆ ಮಾತಾಡಿ" ಅಂತ ಉಪದೇಶ ಮಾಡುವವರು ಮೊದಲು ಶಿಫ್ಟಿನ ಪಟ್ಟಿ ನೋಡಲಿ.

ಹಾಗಾಗಿ ಕೇಳಬೇಕಾದ್ದು ಎರಡೇ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯೇ ಹೇಳಿತ್ತು. ಅದು ಬರೀ ತೊಟ್ಟಿಲ ಕೋಣೆಯಾಗದೆ ಮಾತು, ಹಾಡು, ಕಥೆ ಇರುವ ಜಾಗವಾಗಲಿ. ಎರಡನೆಯದು, ನರೇಗಾ ಕೂಲಿಕಾರರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ'ಗಳು ಪಾಳಿ ಕೆಲಸದವರ ಮಕ್ಕಳಿಗೂ, ಪಾಳಿಯ ಹೊತ್ತಿಗೇ ತೆರೆದಿರಲಿ. ಕನ್ನಡ ಗಟ್ಟಿಯಾದ ಮಗುವಿಗೆ ಮುಂದೆ ಚೈನೀಸ್ ಕಲಿಸುವ ಮೇಷ್ಟ್ರೂ ಸಿಗಲಿ, ನನ್ನ ತಕರಾರಿಲ್ಲ.

ಸಂಜೆ ಕರೆಂಟ್ ಹೋಯಿತು, ಮೊಬೈಲಿನ ಚಾರ್ಜೂ ಮುಗಿಯಿತು. ಅಕ್ಕನ ಅತ್ತೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬೆರಳು ಮಡಚುತ್ತಾ "ಒಂದು, ಎರಡು" ಅಂದರು. "ಸಾನ್!" ಅಂತ ಕೂಗಿದಳು ಹುಡುಗಿ. ಅಜ್ಜಿಗೆ ಅರ್ಥವಾಗಲಿಲ್ಲ, ಆದರೂ "ಏನೇ ಅದು, ಇನ್ನೊಂದ್ಸಲ ಹೇಳು" ಅಂದರು. ಅವಳು ಅಜ್ಜಿಯ ಮೂರನೇ ಬೆರಳು ಹಿಡಿದು ತೋರಿಸಿದಳು. ಬೆಳಗಿಂದ ಅವಳನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.