ಮಾಗಡಿ ರಸ್ತೆಯವರನ್ನು ಕೇಳಿದಿರಾ ಸ್ವಾಮಿ?

ನಮ್ಮ ಗೋವಿಂದರಾಜನಗರದ ಪಕ್ಕದ ಹೊಸಹಳ್ಳಿಯಿಂದ ಮಾಗಡಿ ರಸ್ತೆಯಗುಂಟ ಕಡಬಗೆರೆವರೆಗೆ ಮೆಟ್ರೋ ಬರಲಿದೆ. 12.5 ಕಿಲೋಮೀಟರ್, 9 ನಿಲ್ದಾಣ. ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಹೊರವರ್ತುಲ ರಸ್ತೆಯಲ್ಲಿ ಇನ್ನೊಂದು ಮಾರ್ಗ. ಎರಡೂ ಸುಮನಹಳ್ಳಿಯಲ್ಲಿ ಕೂಡುತ್ತವೆ. ಒಟ್ಟು 15,611 ಕೋಟಿ ರೂಪಾಯಿಯ ಯೋಜನೆ! 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. 2025ರ ಆಗಸ್ಟ್ 10ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು.

ಸಂತೋಷ. ನಾವು ಮೆಟ್ರೋ ಬೇಡ ಎನ್ನುವವರಲ್ಲ. ಸಂಜೆ ಆರಕ್ಕೆ ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಗೆ ಕಾದವರಿಗೆ ಅದರ ಬೆಲೆ ಗೊತ್ತು. ನಮ್ಮ ಪ್ರಶ್ನೆ ಬೇರೆ. ಈ ಗೆರೆ ಎಳೆಯುವಾಗ ಯಾರನ್ನು ಕೇಳಿದರು? ಯಾವ ಭಾಷೆಯಲ್ಲಿ ಕೇಳಿದರು?

ಯೋಜನಾ ವರದಿ ಎಂದರೆ ನೂರಾರು ಪುಟದ ಇಂಗ್ಲಿಷ್ ಕಡತ. ಹಾರ್ಡ್‌ವೇರ್ ಅಂಗಡಿಯವರು, ಸುಂಕದಕಟ್ಟೆಯ ಗಾರ್ಮೆಂಟ್ಸ್ ಹೆಣ್ಣುಮಗಳು, ತಳ್ಳುಗಾಡಿಯ ಯಜಮಾನರು ಅದನ್ನು ಓದಿ ಆಕ್ಷೇಪಣೆ ಬರೆಯಬೇಕೇ? ಓದಲಾಗದ ಕಾಗದ ಮುಂದಿಟ್ಟು 'ಅಭಿಪ್ರಾಯ ತಿಳಿಸಿ' ಎನ್ನುವುದು ಬಾಗಿಲು ಹಾಕಿಕೊಂಡು ಊಟಕ್ಕೆ ಕರೆದಂತೆ! ಮೆಟ್ರೋ ನಿಗಮದಲ್ಲಿ ಅರ್ಧ ಪಾಲು ಕರ್ನಾಟಕದ್ದು. 1963ರ ಕಾಯ್ದೆಯಂತೆ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಕಾಯ್ದೆಗೆ ಬರವಿಲ್ಲ, ಕೇಳುವವರಿಗೆ ಬರ.

ಕೇಳಿದರೆ ಏನಾಗುತ್ತದೆ? 2017 ನೆನಪಿಸಿಕೊಳ್ಳಿ. ಮೆಟ್ರೋ ಫಲಕಗಳಲ್ಲಿ ಹಿಂದಿ ಬಂದು ಕೂತಿತ್ತು. ನಿಮ್ಮಂಥ ಹುಡುಗ ಹುಡುಗಿಯರೇ 'ಹಿಂದಿ ಬೇಡ' ಎಂದು ಎದ್ದರು. ಮೆಜೆಸ್ಟಿಕ್, ಚಿಕ್ಕಪೇಟೆ ನಿಲ್ದಾಣಗಳಲ್ಲಿ ಹಿಂದಿ ಅಕ್ಷರಗಳನ್ನು ಮುಚ್ಚಬೇಕಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಹಿಂದಿ ಇಳಿಯಿತು. ಗೆದ್ದೆವು!

ಆದರೆ ಫಲಕ ಗೆದ್ದರೆ ಸಾಕೇ? ಫಲಕ ಕೊನೆಗೆ ಬರೆಯುವಂಥದ್ದು. ನಿಲ್ದಾಣ ಎಲ್ಲಿ, ಮೆಟ್ಟಿಲು ಎಲ್ಲಿ ಎಂಬುದು ಮೊದಲು ಬರೆಯುವಂಥದ್ದು. ಕನ್ನಡ ಅಲ್ಲಿ, ಆ ಮೊದಲ ಪುಟದಲ್ಲಿ ಇರಬೇಕು.

ಏಕೆಂದರೆ ಕೇಳಬೇಕಾದ್ದು ಬಹಳ ಇದೆ. ಸುಮನಹಳ್ಳಿಯಲ್ಲಿ ಒಂದು ರೈಲಿನಿಂದ ಇನ್ನೊಂದಕ್ಕೆ ಎಷ್ಟು ದೂರ ನಡೆಯಬೇಕು? ಬಿಎಂಟಿಸಿ ಬಸ್ಸು ಮೆಟ್ಟಿಲ ಬುಡಕ್ಕೇ ಬರುತ್ತದೆಯೇ? ಕಂಬ ಎದ್ದಮೇಲೆ ಫುಟ್‌ಪಾತ್ ಎಷ್ಟಡಿ ಉಳಿಯುತ್ತದೆ? ಕಡಿಯುವ ಮರ ಯಾವುವು? ಕಾಮಗಾರಿ ಮುಗಿಯುವತನಕ ಅಂಗಡಿಗೆ ಗಿರಾಕಿ ಯಾವ ದಾರಿಯಲ್ಲಿ ಬರಬೇಕು?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಜೇಬಿನದು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. 2023ರಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಸ್ಸಿಗೆ ಮಾತ್ರ. ಮೆಟ್ರೋ ಬಂತೆಂದು ಮಾಗಡಿ ರಸ್ತೆಯ ಬಸ್ಸು ಕಡಿಮೆ ಮಾಡಿದರೆ ಆ ಗಾರ್ಮೆಂಟ್ಸ್ ಹೆಣ್ಣುಮಗಳ ಗತಿಯೇನು? ಅವಳನ್ನು ಅವಳ ಮಾತಿನಲ್ಲೇ ಕೇಳಿದ್ದರೆ ಈ ಪ್ರಶ್ನೆ ಮೊದಲ ದಿನವೇ ಬರುತ್ತಿತ್ತು.

ಇಂಗ್ಲಿಷ್ ಓದಬಲ್ಲ ಗೆಳೆಯರೇ, ಇಲ್ಲಿ ನಿಮ್ಮ ಕೆಲಸವಿದೆ. ಆ ವರದಿಯಲ್ಲಿ ನಿಮ್ಮ ಬೀದಿಗೆ ಸಂಬಂಧಿಸಿದ ಪುಟ ಹುಡುಕಿ, ಕನ್ನಡದಲ್ಲಿ ಬರೆದು, ಹಾಲಿನ ಬೂತಿನ ಗೋಡೆಗೆ ಅಂಟಿಸಿ. 10 ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಹಾಕಿ. ನಿಲ್ದಾಣಕ್ಕೊಂದು ಸಭೆ ಕರೆಯಿರೆಂದು ಪಟ್ಟು ಹಿಡಿಯಿರಿ. ಸಭೆಯಲ್ಲಿ ಅಧಿಕಾರಿ ಇಂಗ್ಲಿಷಿನಲ್ಲಿ ಶುರುಮಾಡಿದರೆ ಎದ್ದು ನಿಂತು, 'ಕನ್ನಡದಲ್ಲಿ ಹೇಳಿ ಸಾರ್, ಇಲ್ಲಿ ನಮ್ಮಮ್ಮನೂ ಬಂದಿದ್ದಾರೆ' ಎನ್ನಿ.

ಕೂಗಾಟ ಬೇಡ. ಗಟ್ಟಿ ದನಿ ಸಾಕು!